ಮೂರಂಗುಲದ ಇಂಟರ್‌ಕೂಲರ್, ನಲವತ್ತೈದು ಡಿಗ್ರಿ ನಾಗಪುರ

"ನನ್ನ ಗಾಡಿ 200 ಎಚ್‌ಪಿ. ಎಷ್ಟು ಎಚ್‌ಪಿಯ ಇಂಟರ್‌ಕೂಲರ್ ಹಾಕಿಸಲಿ?"

ಈ ಪ್ರಶ್ನೆ ಕಿವಿಗೆ ಬಿದ್ದರೆ ಸಾಕು, ನನಗೆ ಮೈಯೆಲ್ಲಾ ಉರಿಯುತ್ತದೆ. ಇಂಟರ್‌ಕೂಲರಿಗೆ ಎಚ್‌ಪಿ ಅಂತ ಒಂದು ಅಳತೆಯೇ ಇಲ್ಲ ಸ್ವಾಮಿ. ಅದು ಅಂಗಡಿಯವನು ಡಬ್ಬಿಯ ಮೇಲೆ ಅಂಟಿಸಿದ ಚೀಟಿ. ಬನಿಯನ್ ಮೇಲೆ 'ಫ್ರೀ ಸೈಜ್' ಅಂತ ಬರೆದಿರುತ್ತಾರಲ್ಲ, ಹೆಚ್ಚುಕಡಿಮೆ ಅಷ್ಟೇ ಬೆಲೆ ಅದಕ್ಕೆ. ಆದರೂ ವರ್ಧಾ ರೋಡಿನಲ್ಲಿ ಸಂಜೆ ಹೊತ್ತು ನಿಂತು ನೋಡಿ, ಬಂಪರಿನ ಬಾಯಿ ಅಗಲಿಸಿಕೊಂಡು, ಒಳಗೆ ಬೆಳ್ಳಿಯ ತಟ್ಟೆಯಂಥ ಕೋರ್ ತೋರಿಸಿಕೊಂಡು ಓಡಾಡುವ ಗಾಡಿಗಳು ನಾಲ್ಕಾದರೂ ಸಿಗುತ್ತವೆ. ಅವುಗಳಲ್ಲಿ ಎಷ್ಟಕ್ಕೆ ಆ ಸೈಜಿನಿಂದ ಉಪಯೋಗವಾಗಿದೆ ಅಂತ ಕೇಳಿದರೆ ಓಡಿಸುವವರ ಹತ್ತಿರ ಒಂದು ಸಂಖ್ಯೆಯೂ ಇರುವುದಿಲ್ಲ. "ಪುಲ್ಲಿಂಗ್ ಜಾಸ್ತಿಯಾಗಿದೆ" ಅನ್ನುತ್ತಾರೆ. ನಲವತ್ತು ಸಾವಿರ ರೂಪಾಯಿ ಕೊಟ್ಟ ಮೇಲೆ ಯಾರಿಗೆ ತಾನೇ ಪುಲ್ಲಿಂಗ್ ಜಾಸ್ತಿಯಾಗುವುದಿಲ್ಲ ಹೇಳಿ.

ಹಿಂಗಣಾ ಎಂಐಡಿಸಿಯಲ್ಲಿ ಬಿಸಿ ಗಾಳಿ, ತಣ್ಣೀರು, ಪೈಪು, ಫಿನ್ನುಗಳ ನಡುವೆಯೇ ಬದುಕು ಸವೆಸಿದವನಾದ್ದರಿಂದ ಈ ವಿಷಯದಲ್ಲಿ ಸುಮ್ಮನಿರಲು ಆಗುತ್ತಿಲ್ಲ. ಅದರಲ್ಲೂ ನಮ್ಮ ಕನ್ನಡದ ಹುಡುಗರೇ ಬೆಂಗಳೂರಿನ ಗೆಳೆಯರು ವಾಟ್ಸ್ಯಾಪಿನಲ್ಲಿ ಕಳಿಸಿದ ಸೈಜನ್ನು ಕಣ್ಣುಮುಚ್ಚಿ ನಾಗಪುರದಲ್ಲಿ ಹಾಕಿಸಿಕೊಳ್ಳುವುದನ್ನು ನೋಡಿದಾಗ.

ಮೊದಲು ಲೆಕ್ಕ. ಬೇಜಾರು ಮಾಡಿಕೊಳ್ಳಬೇಡಿ, ಜಗಳವೆಲ್ಲ ಇದರ ಮೇಲೆಯೇ ನಿಂತಿದೆ. ಟರ್ಬೊ ಗಾಳಿಯನ್ನು ಒತ್ತುತ್ತದೆ, ಒತ್ತಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ ಪಂಪಿನ ತುದಿ ಮುಟ್ಟಿ ಕೈ ಸುಟ್ಟುಕೊಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಗಾಳಿಯ ಒತ್ತಡವನ್ನು ಎರಡು ಪಟ್ಟು ಮಾಡುವ, ಅಂದರೆ ಸುಮಾರು ಒಂದು ಬಾರ್ ಬೂಸ್ಟಿನ, 70 ಶೇಕಡಾ ದಕ್ಷತೆಯ ಟರ್ಬೊ ಇದೆ ಅಂತ ಇಟ್ಟುಕೊಳ್ಳಿ. ಬೆಂಗಳೂರಿನ 25 ಡಿಗ್ರಿಯ ಬೆಳಿಗ್ಗೆ ಅದರೊಳಗೆ ಹೋದ ಗಾಳಿ 118 ಡಿಗ್ರಿ ಆಸುಪಾಸಿನಲ್ಲಿ ಹೊರಬರುತ್ತದೆ. ನಾಗಪುರದ ಮೇ ತಿಂಗಳ 45 ಡಿಗ್ರಿಯಲ್ಲಿ ಹೋದ ಗಾಳಿ ಹೊರಬರುವುದು 145 ಡಿಗ್ರಿಯಲ್ಲಿ. ಒಳಗೆ ಹೋಗುವಾಗ ಇದ್ದ ವ್ಯತ್ಯಾಸ 20, ಹೊರಗೆ ಬರುವಾಗ 27. ಸೆಕೆ ಬಡ್ಡಿ ಹಾಕುತ್ತದೆ. (ಬೆಂಗಳೂರಿನವರಿಗೂ ಒಂದು ಕಷ್ಟ ಇದೆ, ಒಪ್ಪುತ್ತೇನೆ. ಊರು 900 ಮೀಟರಿಗಿಂತ ಎತ್ತರ, ಗಾಳಿ ತೆಳು. ಅದೇ ಒಂದು ಬಾರ್ ಬೂಸ್ಟಿಗೆ ಅಲ್ಲಿನ ಟರ್ಬೊ ಇನ್ನಷ್ಟು ತಿರುಗಬೇಕು, ಆಗ ಅವರ 118 ಹತ್ತಿರ ಹತ್ತಿರ 125 ಆಗುತ್ತದೆ. ನಾವು 310 ಮೀಟರಿನಲ್ಲಿ ಇದ್ದೇವೆ. ನಮಗೆ ಸಿಕ್ಕ ಒಂದೇ ಒಂದು ರಿಯಾಯಿತಿ ಇದು.)

ಈಗ ಇಂಟರ್‌ಕೂಲರ್ ಬರುತ್ತದೆ. ಅದರ ಸಾಮರ್ಥ್ಯವನ್ನು ಹೇಳುವ ಸರಿಯಾದ ರೀತಿ ಒಂದೇ. ಟರ್ಬೊದಿಂದ ಬಂದ ಗಾಳಿಗೂ ಹೊರಗಿನ ಗಾಳಿಗೂ ಇರುವ ಅಂತರದಲ್ಲಿ ಎಷ್ಟು ಪಾಲನ್ನು ಅದು ಇಳಿಸುತ್ತದೆ ಅನ್ನುವುದು. 70 ಶೇಕಡಾ ಇಳಿಸುವ ಸಾಧಾರಣ ಕಂಪನಿ ಇಂಟರ್‌ಕೂಲರ್ ಬೆಂಗಳೂರಿನ ಆ ಬೆಳಿಗ್ಗೆ 53 ಡಿಗ್ರಿಯ ಗಾಳಿಯನ್ನು ಎಂಜಿನ್ನಿಗೆ ಕೊಡುತ್ತದೆ. ಅದೇ ಸಾಮಾನು ನಾಗಪುರದಲ್ಲಿ 75 ಕೊಡುತ್ತದೆ. ಸರಿ, ದುಡ್ಡು ಸುರಿದು 85 ಶೇಕಡಾದ ದೊಡ್ಡದನ್ನು ಹಾಕಿಸಿದಿರಿ, 60ಕ್ಕೆ ಇಳಿಯಿತು. ಅಂದರೆ ನಾಗಪುರದ ದೊಡ್ಡ ಇಂಟರ್‌ಕೂಲರ್ ಬೆಂಗಳೂರಿನ ಕಂಪನಿ ಇಂಟರ್‌ಕೂಲರಿಗಿಂತ ಇನ್ನೂ ಏಳು ಡಿಗ್ರಿ ಬಿಸಿ! ಭೂಮಂಡಲದ ಅತ್ಯುತ್ತಮ ಇಂಟರ್‌ಕೂಲರ್ ತಂದರೂ 45ಕ್ಕಿಂತ ಕೆಳಗೆ ಇಳಿಸುವುದು ಅದರ ಕೈಲಾಗದು, ಯಾಕೆಂದರೆ ಅದನ್ನು ತಣಿಸುವ ಗಾಳಿಯೇ 45 ಇದೆ. ತಂಪು ದೇಶದ ಯಾರೋ ಒಬ್ಬ 'ಈ ಕೋರ್ ಹಾಕಿದೆ, ಇಂಟೇಕ್ 30 ಡಿಗ್ರಿಯಲ್ಲಿದೆ' ಅಂತ ಬರೆದದ್ದನ್ನು ಓದಿ ನೀವು ಇಲ್ಲಿ ಅದೇ ಕೋರ್ ತರಿಸಿದರೆ ಬರುವುದು ಕೋರ್ ಮಾತ್ರ, ಅವನ ಊರಿನ ಹವೆ ಪಾರ್ಸಲ್ಲಿನಲ್ಲಿ ಬರುವುದಿಲ್ಲ.

"ಆಯ್ತಲ್ಲ, 75ರಿಂದ 60ಕ್ಕೆ ಇಳಿಯಿತಲ್ಲ, ಅದು ಲಾಭ ತಾನೇ?" ಅನ್ನುತ್ತೀರಿ. ಲಾಭವೇ. ಎಷ್ಟು ಅಂತ ನೋಡೋಣ. ಗಾಳಿಯ ಸಾಂದ್ರತೆ ನಿಜವಾದ ಉಷ್ಣತೆಯ, ಅಂದರೆ ಕೆಲ್ವಿನ್ನಿನ ಲೆಕ್ಕದಲ್ಲಿ ಹೆಚ್ಚುತ್ತದೆ. 348ರಿಂದ 333ಕ್ಕೆ ಇಳಿದರೆ ಗಾಳಿ ನಾಲ್ಕೂವರೆ ಶೇಕಡಾ ದಟ್ಟವಾಗುತ್ತದೆ. ಅಷ್ಟೇ. ಈಗ ಅಂಗಡಿಯವರು ಯಾರೂ ಹೇಳದ ಇನ್ನೊಂದು ಸಂಖ್ಯೆ. ಗಾಳಿ ಕೋರಿನೊಳಗಿನ ಸಂದುಗಳಲ್ಲಿ ನುಸುಳುವಾಗ ಒತ್ತಡ ಕಳೆದುಕೊಳ್ಳುತ್ತದೆ. ಒಂದು ಬಾರ್ ಬೂಸ್ಟ್ ಅಂದರೆ ಒಟ್ಟು ಒತ್ತಡ ಎರಡು ಬಾರ್. ಕೋರಿನಲ್ಲಿ ಹೆಚ್ಚುವರಿಯಾಗಿ 0.1 ಬಾರ್ ಕಳೆದರೆ ಸಾಂದ್ರತೆ ಐದು ಶೇಕಡಾ ಹೋಯಿತು. ನಾಲ್ಕೂವರೆ ಗಳಿಸಿ ಐದು ಕಳೆಯುವ ವ್ಯಾಪಾರಕ್ಕೆ ನಲವತ್ತು ಸಾವಿರ ಬಂಡವಾಳ!

ಅಗ್ಗದ ನಕಲು ಕೋರುಗಳ ಕಥೆ ಬಹುಪಾಲು ಇದೇ. ಒಳಗಿನ ಫಿನ್ನುಗಳನ್ನು ಸಿಕ್ಕಾಪಟ್ಟೆ ಒತ್ತೊತ್ತಾಗಿ ತುಂಬಿರುತ್ತಾರೆ, ಇಲ್ಲವಾದರೆ ಏನೂ ಇಲ್ಲದೆ ಬೋಳು ಬಿಟ್ಟಿರುತ್ತಾರೆ. ಒತ್ತಾದರೆ ಒತ್ತಡ ಸೋರುತ್ತದೆ, ಬೋಳಾದರೆ ಗಾಳಿ ತಣಿಯದೆ ಹಾದುಹೋಗುತ್ತದೆ. ಎರಡೂ ತುದಿಯ ಡಬ್ಬಗಳ ಆಕಾರ ಕೆಟ್ಟದಿದ್ದರೆ ಗಾಳಿ ಮೇಲಿನ ನಾಲ್ಕು ಸಾಲಿನಲ್ಲಿ ಮಾತ್ರ ಓಡಿ ಕೆಳಗಿನ ಸಾಲುಗಳು ಸುಮ್ಮನೆ ಕುಳಿತಿರುತ್ತವೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಅಳತೆ, ಒಂದೇ ಹೊಳಪು.

ಇದಕ್ಕೆ ಒಂದು ಪ್ರತಿವಾದ ಬರುತ್ತದೆ ಅಂತ ಗೊತ್ತು. ಈಗಿನ ಎಂಜಿನ್ನುಗಳ ಕಂಪ್ಯೂಟರ್ ಒತ್ತಡವನ್ನು ಮ್ಯಾನಿಫೋಲ್ಡಿನಲ್ಲೇ ಅಳೆಯುವುದರಿಂದ ಕೋರಿನಲ್ಲಿ ಕಳೆದದ್ದನ್ನು ಟರ್ಬೊ ತಾನೇ ಹೆಚ್ಚು ತಿರುಗಿ ತುಂಬಿಕೊಡುತ್ತದೆ ಎಂದು. ನಿಜ. ಆದರೆ ಆ ಹೆಚ್ಚುವರಿ ತಿರುಗಾಟ ಬಿಟ್ಟಿ ಅಲ್ಲವಲ್ಲ. ಎಕ್ಸಾಸ್ಟ್ ಕಡೆ ಒತ್ತಡ ಏರುತ್ತದೆ, ಟರ್ಬೊದ ಬೇರಿಂಗು ಸವೆಯುತ್ತದೆ, ಚಿಕ್ಕ ಟರ್ಬೊ ಆದರೆ ಮೇಲಿನ ಆರ್‌ಪಿಎಂನಲ್ಲಿ ತುಂಬಿಕೊಡಲು ಶಕ್ತಿಯೇ ಉಳಿದಿರುವುದಿಲ್ಲ. ಇನ್ನೊಂದು ಮಾತನ್ನೂ ನ್ಯಾಯವಾಗಿ ಹೇಳಬೇಕು. ಪೆಟ್ರೋಲ್ ಗಾಡಿಯಲ್ಲಿ ತಂಪು ಗಾಳಿಯ ದೊಡ್ಡ ಉಪಯೋಗ ಸಾಂದ್ರತೆಯಲ್ಲ, ನಾಕಿಂಗ್ ತಡೆಯುವುದು. ಗಾಳಿ ಬಿಸಿಯಾದಷ್ಟೂ ಕಂಪ್ಯೂಟರ್ ಇಗ್ನಿಷನ್ನನ್ನು ಹಿಂದಕ್ಕೆ ಎಳೆಯುತ್ತದೆ, ಶಕ್ತಿ ಕುಸಿಯುತ್ತದೆ. ರಿಮ್ಯಾಪ್ ಮಾಡಿದವನು ದುರಾಸೆಯವನಾಗಿ ಆ ರಕ್ಷಣೆಯನ್ನು ಸಡಿಲ ಮಾಡಿಟ್ಟಿದ್ದರೆ ಪಿಸ್ಟನ್ನಿಗೇ ಕುತ್ತು. ಹಾಗಾಗಿ 15 ಡಿಗ್ರಿ ಇಳಿಕೆ ನಾಗಪುರದಲ್ಲಿ ಸಣ್ಣ ವಿಷಯವಲ್ಲ. ನನ್ನ ತಕರಾರು ಆ ಇಳಿಕೆಯ ಮೇಲಲ್ಲ, ಅದನ್ನು ಪಡೆಯಲು ನೀವು ಹಿಡಿದ ದಾರಿಯ ಮೇಲೆ.

ನಾಗಪುರದವರಿಗೆ ಇದನ್ನು ಹೇಳಿಕೊಡಬೇಕಾದ ಪರಿಸ್ಥಿತಿ ಬಂದದ್ದೇ ಸೋಜಿಗ. ಈ ಊರಿನಲ್ಲಿ ಹೋಳಿ ಮುಗಿಯುತ್ತಿದ್ದಂತೆ ಮನೆಮನೆಯ ಕಿಟಕಿಗೆ ತಗಡಿನ ಕೂಲರ್ ಬಂದು ಕೂರುತ್ತದೆ. ಹೊಸದಾಗಿ ಬಂದ ಕನ್ನಡಿಗರು ಮಾಡುವ ಮೊದಲ ಕೆಲಸ ಏನು? ಅಂಗಡಿಯಲ್ಲಿರುವ ಅತಿ ದೊಡ್ಡ ಕೂಲರ್ ತಂದು, ಬಾಗಿಲು ಕಿಟಕಿ ಎಲ್ಲ ಭದ್ರವಾಗಿ ಮುಚ್ಚಿ, ಒಳಗೆ ಬೆವರುತ್ತಾ ಕೂರುವುದು. ಆಗ ಪಕ್ಕದ ಮನೆಯ ಕಾಕೂ ಬಂದು ಎದುರಿನ ಕಿಟಕಿ ತೆಗೆಯುತ್ತಾರೆ. ಗಾಳಿ ಹೊರಗೆ ಹೋಗಲು ದಾರಿ ಇಲ್ಲದೆ ಒಳಗೆ ಹೇಗೆ ಬಂದೀತು? ಕೂಲರಿನ ಸೈಜಿಗಿಂತ ಗಾಳಿಯ ದಾರಿ ಮುಖ್ಯ ಅನ್ನುವುದು ಇಲ್ಲಿನ ಮಕ್ಕಳಿಗೂ ಗೊತ್ತು. ಅದೇ ಜನ ಗಾಡಿಯ ವಿಷಯ ಬಂದಾಗ ಮಾತ್ರ ಕಿಟಕಿ ಮುಚ್ಚಿ ದೊಡ್ಡ ಕೂಲರ್ ತರುತ್ತಾರೆ.

ಮಾರುಕಟ್ಟೆಯಲ್ಲಿ ಎಲ್ಲೆಂದರಲ್ಲಿ ಸಿಗುವ ಕೋರು 24 ಅಂಗುಲ ಉದ್ದ, 12 ಅಂಗುಲ ಎತ್ತರ, 3 ಅಂಗುಲ ದಪ್ಪದ್ದು. ನಿಮ್ಮ ಬಂಪರಿನ ಕೆಳಬಾಯಿಯ ಎತ್ತರ ಎಷ್ಟಿದೆ, ಟೇಪು ಹಿಡಿದು ನೋಡಿದ್ದೀರಾ? ಐದು ಅಂಗುಲವಿದ್ದರೆ ಆ ಹನ್ನೆರಡರಲ್ಲಿ ಐದು ಅಂಗುಲಕ್ಕೆ ಮಾತ್ರ ನೇರ ಗಾಳಿ. ಉಳಿದ ಏಳು ಬಂಪರಿನ ಪ್ಲಾಸ್ಟಿಕ್ಕಿನ ಹಿಂದೆ ಕತ್ತಲಲ್ಲಿ ಕುಳಿತಿದೆ. ನೀವು ದುಡ್ಡು ಕೊಟ್ಟ ಕೋರಿನ ಅರ್ಧಕ್ಕಿಂತ ಹೆಚ್ಚು ಭಾಗ ಗಾಳಿಯನ್ನೇ ಸರಿಯಾಗಿ ನೋಡುವುದಿಲ್ಲ. ಇನ್ನು ದಪ್ಪ. ಮುಂದಿನ ಒಂದು ಅಂಗುಲ ದಾಟುವಷ್ಟರಲ್ಲಿ ಹೊರಗಾಳಿ ಆಗಲೇ ಕಾದಿರುತ್ತದೆ, ಹಿಂದಿನ ಅಂಗುಲಕ್ಕೆ ಸಿಗುವುದು ಎಂಜಲು ಗಾಳಿ. ದಪ್ಪ ಹೆಚ್ಚಾದಂತೆ ಗಾಳಿ ನುಗ್ಗುವುದೂ ಕಷ್ಟ, ಸುತ್ತಲಿನ ಸಂದಿನಿಂದ ತಪ್ಪಿಸಿಕೊಂಡು ಹೋಗುವುದು ಅದಕ್ಕೆ ಸುಲಭ. ಆದ್ದರಿಂದ ರಸ್ತೆಯ ಗಾಡಿಗೆ ಮುಖ ಅಗಲವಿರಲಿ, ಮೈ ತೆಳ್ಳಗಿರಲಿ. ಎರಡು, ಹೆಚ್ಚೆಂದರೆ ಎರಡೂಕಾಲು ಅಂಗುಲ. ಮೂರು ಅಂಗುಲದ್ದನ್ನು ಯಾರಾದರೂ ಉಚಿತವಾಗಿ ಕೊಟ್ಟರೂ ನಾನು ನಾಗಪುರದ ಗಾಡಿಗೆ ಹಾಕಿಸುವವನಲ್ಲ.

ಎಷ್ಟು ಬಿಸಿ ಹೊರಹಾಕಬೇಕು ಅನ್ನುವುದನ್ನೂ ನೋಡಿಬಿಡಿ. 200 ಎಚ್‌ಪಿಯ ಪೆಟ್ರೋಲ್ ಎಂಜಿನ್ ಪೂರ್ತಿ ಜೋರಿನಲ್ಲಿ ಸೆಕೆಂಡಿಗೆ ಸುಮಾರು 150 ಗ್ರಾಂ ಗಾಳಿ ನುಂಗುತ್ತದೆ. ಅದನ್ನು 145ರಿಂದ 60ಕ್ಕೆ ಇಳಿಸಲು 13 ಕಿಲೋವ್ಯಾಟಿನಷ್ಟು ಶಾಖ ತೆಗೆಯಬೇಕು. ಬಚ್ಚಲಿನ ಎರಡು ಕಿಲೋವ್ಯಾಟಿನ ಗೀಸರ್ ಆರು ಜೋಡಿಸಿದಂತೆ. ಆ ಶಾಖ ಒಯ್ಯಲು ಒಳಗಿನ ಗಾಳಿಯ ಮೂರು ಪಟ್ಟಾದರೂ ಹೊರಗಾಳಿ ಕೋರಿನ ಮೂಲಕವೇ ಹಾಯಬೇಕು. ಅದು ಹಾಯುವಂತೆ ಬಂಪರಿನ ಬಾಯಿಯಿಂದ ಕೋರಿನವರೆಗೆ ತಗಡು ಅಥವಾ ಫೋಮಿನಿಂದ ಗೋಡೆ ಕಟ್ಟಿದ ಗ್ಯಾರೇಜು ಈ ಊರಿನಲ್ಲಿ ಎಷ್ಟಿವೆ? ಕೋರು ಕೂರಿಸಿ, ಪೈಪು ಬಿಗಿದು, ಫೋಟೊ ಹೊಡೆದು ಕೈತೊಳೆದುಕೊಳ್ಳುವವರೇ ಎಲ್ಲ.

ಪೂರ್ತಿ ಜೋರು ಅಂದೆ. ರಸ್ತೆಯಲ್ಲಿ ಅದು ಎಷ್ಟು ಹೊತ್ತು ಇರುತ್ತದೆ? ಓವರ್‌ಟೇಕ್ ಮಾಡುವ ಐದಾರು ಸೆಕೆಂಡು. "ನಾನು ಸಮೃದ್ಧಿ ಮಹಾಮಾರ್ಗದಲ್ಲಿ ಓಡಿಸುತ್ತೇನೆ, ನನಗೆ ದೊಡ್ಡದು ಬೇಕೇ ಬೇಕು" ಅನ್ನುವವರಿಗೆ ಹೇಳುತ್ತೇನೆ. ಮುಂಬಯಿವರೆಗಿನ ಆ 701 ಕಿಲೋಮೀಟರ್ 2025ರ ಜೂನಿನಲ್ಲಿ ಪೂರ್ತಿಯಾಗಿ ತೆರೆಯಿತು, ವೇಗದ ಮಿತಿ 120. ಸಪಾಟು ರಸ್ತೆಯಲ್ಲಿ 120ರಲ್ಲಿ ಹೋಗಲು ಒಂದು ಸಾಧಾರಣ ಕಾರಿಗೆ ಬೇಕಾಗುವುದು 40 ಎಚ್‌ಪಿ ಆಸುಪಾಸು. ಟರ್ಬೊ ಅರೆನಿದ್ದೆಯಲ್ಲಿರುತ್ತದೆ, ಎದುರು ಗಾಳಿ ಧಾರಾಳ. ನಿಮ್ಮ ಇಂಟರ್‌ಕೂಲರಿಗೆ ಅಷ್ಟು ಸುಖದ ಜಾಗ ಇನ್ನೊಂದಿಲ್ಲ. ಘಟ್ಟದಲ್ಲಿ ಗಂಟೆಗಟ್ಟಲೆ ಪೂರ್ತಿ ಭಾರ ಎಳೆಯುವ ಲಾರಿಯ ಮಾತು ಬೇರೆ. ಟಾಟಾದವರು ತಮ್ಮ 697 ಎಂಜಿನ್ನಿನ ಹೆಸರಿಗೇ ಟಿಸಿಐಸಿ ಅಂತ ಇಂಟರ್‌ಕೂಲರನ್ನು ಅಂಟಿಸಿಬಿಟ್ಟರು. ಅದರ ಕೆಲಸ ನಿಮ್ಮ ಗಾಡಿಗಿಲ್ಲ. ರಸ್ತೆ ಗಾಡಿಯ ಇಂಟರ್‌ಕೂಲರಿಗೆ ನಿಜವಾದ ಪರೀಕ್ಷೆ ವೆರೈಟಿ ಚೌಕದ ಸಿಗ್ನಲ್ಲು. ಗಾಡಿ ನಿಂತಿದೆ, ಗಾಳಿ ಇಲ್ಲ, ಕೆಳಗೆ ಡಾಂಬರು ಕಾದಿದೆ, ಹಿಂದೆ ಎಂಜಿನ್ ಕಾದಿದೆ, ಕೋರು ಹೆಂಚಿನಂತೆ ಕಾಯುತ್ತಿದೆ. ಹಸಿರು ದೀಪ ಬಂದಾಗ ಕಾದ ಕೋರು ಗಾಳಿಯನ್ನು ತಣಿಸುವುದು ದೂರದ ಮಾತು. ದಪ್ಪ ಕೋರು ಕಾಯುವುದೂ ನಿಧಾನ, ಒಮ್ಮೆ ಕಾದರೆ ಆರುವುದೂ ನಿಧಾನ. ಬಾನೆಟ್ಟಿನ ಮೇಲೆ ಮೂಗಿನ ಹೊಳ್ಳೆಯಿದ್ದು ಎಂಜಿನ್ ತಲೆಯ ಮೇಲೇ ಇಂಟರ್‌ಕೂಲರ್ ಇಟ್ಟುಕೊಂಡ ಹಳೆಯ 3.0 ಫಾರ್ಚುನರಿನಂಥ ಗಾಡಿಗಳಿಗೆ ಈ ಕಷ್ಟ ಇನ್ನೂ ಹೆಚ್ಚು.

ಈಗ ನನಗೆ ನಿಜವಾಗಿ ಸಿಟ್ಟು ಬಂದ ಪ್ರಸಂಗ. ಗದಗ ಕಡೆಯ ಹುಡುಗ, ಮಿಹಾನ್‌ನಲ್ಲಿ ಕೆಲಸ, ಹಳೆಯ ಆಕ್ಟೇವಿಯಾ ಆರ್‌ಎಸ್ ಇಟ್ಟುಕೊಂಡಿದ್ದಾನೆ. 1.8 ಟರ್ಬೊ, ಕಂಪನಿಯಿಂದ ಬಂದಾಗ 150 ಎಚ್‌ಪಿ, ರಿಮ್ಯಾಪ್ ಆದ ಮೇಲೆ 190ರ ಹತ್ತಿರ. ಆ ಗಾಡಿಯ ಇಂಟರ್‌ಕೂಲರ್ ಇರುವುದು ಮುಂದಿನ ಚಕ್ರದ ಎದುರಿಗೆ, ಬಂಪರಿನ ಮೂಲೆಯಲ್ಲಿ, ಚಿಕ್ಕದು. 190ಕ್ಕೆ ಅದು ಸಾಲದು ಅನ್ನುವುದು ಸರಿಯೇ. ಇಲ್ಲಿನ ಒಂದು ಗ್ಯಾರೇಜಿನವರು ಅದನ್ನು ಕಿತ್ತು ಆ 24-12-3ರ ಕೋರನ್ನು ಎಸಿ ಕಂಡೆನ್ಸರಿನ ಮುಂದೆ ಹಲಗೆ ಹೊಡೆದಂತೆ ಕೂರಿಸಿಕೊಟ್ಟರು. ಡಿಸೆಂಬರಿನಲ್ಲಿ ಕೂರಿಸಿದ್ದು, ಚಳಿಗಾಲವೆಲ್ಲ ಚೆನ್ನಾಗಿಯೇ ಇತ್ತು. ಮೇ ತಿಂಗಳಲ್ಲಿ ಹೆಂಡತಿ, ಹನ್ನೊಂದು ತಿಂಗಳ ಕೂಸು, ಅತ್ತೆಯವರನ್ನು ಕೂರಿಸಿಕೊಂಡು ಹೈದರಾಬಾದ್ ಮೇಲೆ ಊರಿಗೆ ಹೊರಟ. ಹಿಂಗಣಘಾಟ್ ದಾಟಿ ಪಾಂಢರಕವಡಾ ಹತ್ತಿರ ಟೋಲ್ ಸಾಲಿನಲ್ಲಿ ಎಸಿ ಬಿಸಿ ಗಾಳಿ ಊದತೊಡಗಿತು. ಫೋನ್ ಬಂತು. "ಕಾಕಾ, ಎಸಿ ತಾನ ಬಂದ್ ಆಗ್ತದ, ತಾನ ಚಾಲೂ ಆಗ್ತದ. ಟೆಂಪರೇಚರ್ ಮುಳ್ಳೂ ಏರಾಕ್ಹತ್ಯದ. ಕೂಸಿನ ಮೈ ಸುಡಾಕ್ಹತ್ಯದ, ಏನ್ ಮಾಡ್ಲಿ?" ನೆರಳು ಹುಡುಕಿ ನಿಲ್ಲಿಸು ತಮ್ಮಾ, ಮೊದಲು ಕೂಸಿಗೆ ಹಾಲು, ನೀರು ಕುಡಿಸ್ರಿ ಅಂದೆ. ಸಾಯಂಕಾಲದವರೆಗೆ ಬೇವಿನ ಮರದ ಕೆಳಗೆ ಕುಳಿತು, ಬಿಸಿಲು ಇಳಿದ ಮೇಲೆ ಮೆಲ್ಲಗೆ ವಾಪಸು ಬಂದರು. ಕೂಸಿಗೆ ಏನೂ ಆಗಲಿಲ್ಲ. ಆಗಬಹುದಿತ್ತು.

ಆದದ್ದು ಇಷ್ಟೇ. ಕಂಡೆನ್ಸರಿಗೆ ಹೋಗುವ ಗಾಳಿಗೆ ಕೋರು ಅಡ್ಡ ನಿಂತಿತ್ತು. ಗಾಳಿ ಕಡಿಮೆಯಾದರೆ ಎಸಿಯ ಒಳಗಿನ ಗ್ಯಾಸಿನ ಒತ್ತಡ ಏರುತ್ತದೆ, ಮಿತಿ ಮೀರಿದಾಗ ಸ್ವಿಚ್ಚು ಕಂಪ್ರೆಸರನ್ನು ನಿಲ್ಲಿಸುತ್ತದೆ. ಅದರ ಹಿಂದಿರುವ ರೇಡಿಯೇಟರಿಗೂ ಅದೇ ಬರಗಾಲ. 30 ಡಿಗ್ರಿಯ ಊರಿನಲ್ಲಿ ಇದು ಗೊತ್ತೇ ಆಗುವುದಿಲ್ಲ, ಅಲ್ಲಿ ಎಸಿಗೆ ಅಷ್ಟು ದುಡಿಮೆಯಿಲ್ಲ. 45ರಲ್ಲಿ ಕಂಡೆನ್ಸರ್ ಆಗಲೇ ಏದುಸಿರು ಬಿಡುತ್ತಿರುತ್ತದೆ. ಅದರ ಮೂಗು ಮುಚ್ಚಿದ್ದೇವೆ ನಾವು. ಗಾಡಿ ವಾಪಸು ಬಂದ ಮೇಲೆ ಬಂಪರ್ ಬಿಚ್ಚಿಸಿ ನೋಡಿದರೆ ಇನ್ನೊಂದು ವಿಷಯ ಕಂಡಿತು. ಆ ಮಹಾ ಕೋರು ಹಿಡಿಸಲೆಂದು ಬಂಪರಿನ ಹಿಂದಿನ ಉಕ್ಕಿನ ತೊಲೆಯನ್ನು ಎರಡು ಕಡೆ ಗ್ರೈಂಡರ್ ಹಾಕಿ ಕೊಯ್ದಿದ್ದರು! ಗುದ್ದಾದಾಗ ಮೊದಲ ಪೆಟ್ಟು ತಿನ್ನಬೇಕಾದ ತೊಲೆ ಅದು. ಹುಡುಗನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಅದಕ್ಕೇ ಹೇಳುತ್ತೇನೆ, ಯಾವ ಇಂಟರ್‌ಕೂಲರ್ ಆ ತೊಲೆಯನ್ನು ಕೊಯ್ಯದೆ ಒಳಗೆ ಹೋಗುವುದಿಲ್ಲವೋ ಅದು ನಿಮ್ಮ ಗಾಡಿಯ ಸೈಜಲ್ಲ. ಇದರಲ್ಲಿ ಚರ್ಚೆಯೇ ಬೇಡ.

ಕಾಯ್ದೆಯ ಮಾತನ್ನೂ ಒಂದು ಸಾಲಿನಲ್ಲಿ ಮುಗಿಸುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿಯ ವಿವರಕ್ಕೆ ವಿರುದ್ಧವಾದ ಮಾರ್ಪಾಡುಗಳನ್ನು ತಡೆಯುತ್ತದೆ, 2019ರ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಮಾಲೀಕನಿಗೆ ಪ್ರತಿ ಅಕ್ರಮ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ, ಇಲ್ಲವೆ ಎರಡೂ. ಅಪಘಾತವಾದಾಗ ವಿಮೆಯವರು ಮೊದಲು ನೋಡುವುದೂ ಇಂಥದ್ದನ್ನೇ.

ಹಾಗಂತ "ಕಂಪನಿಯವರು ಹಾಕಿದ್ದೇ ವೇದವಾಕ್ಯ, ಮುಟ್ಟಬೇಡಿ" ಅನ್ನುವ ಇನ್ನೊಂದು ಪಂಗಡದ ಜೊತೆಗೂ ನಾನಿಲ್ಲ. ಕಂಪನಿಯವರು ತಮ್ಮ ಶಕ್ತಿಗೆ ತಕ್ಕಂತೆ ಅಳೆದಿರುತ್ತಾರೆ. ನೀವು ರಿಮ್ಯಾಪ್ ಮಾಡಿ ಬೂಸ್ಟ್ ಏರಿಸಿದ ಮೇಲೆ ಆ ಅಳತೆ ಮುಗಿಯಿತು. ಮುಟ್ಟದಿದ್ದರೆ ಕಂಪನಿಯದೇ ಸಾಕು, ಮುಟ್ಟಿದ ಮೇಲೆ ಲೆಕ್ಕ ಹಾಕಲೇಬೇಕು. ಇದೇ ಪಂಗಡದವರ ಇನ್ನೊಂದು ಹೆದರಿಕೆ ಲ್ಯಾಗ್. "ದೊಡ್ಡದು ಹಾಕಿದರೆ ಅದು ತುಂಬುವವರೆಗೆ ಗಾಡಿ ಏಳುವುದಿಲ್ಲ" ಎಂದು. ಸರಿ, ಮೂರು ಲೀಟರಿನದನ್ನು ತೆಗೆದು ಒಂಬತ್ತು ಲೀಟರಿನದು ಹಾಕಿದಿರಿ. ಒಂದು ಬಾರಿಗೆ ಏರಿಸಲು ಹೆಚ್ಚುವರಿಯಾಗಿ ಬೇಕಾದದ್ದು ಆರು ಲೀಟರ್ ಹೊರಗಾಳಿ. 1.8 ಲೀಟರಿನ ಎಂಜಿನ್ ಬೂಸ್ಟೇ ಇಲ್ಲದೆ 3000 ಆರ್‌ಪಿಎಂನಲ್ಲಿ ಸೆಕೆಂಡಿಗೆ 45 ಲೀಟರ್ ಎಳೆಯುತ್ತದೆ. ಇದರ ಮುಂದೆ ಆ ಆರು ಲೀಟರ್ ಯಾವ ಲೆಕ್ಕ? ದೊಡ್ಡ ಕೋರು ಹಾಕಿಸಿದ ಮೇಲೆ ಗಾಡಿ ಮಂದವಾಯಿತು ಅನ್ನಿಸಿದರೆ ಬಹುಮಟ್ಟಿಗೆ ಎಲ್ಲೋ ಕ್ಲಾಂಪ್ ಸಡಿಲವಾಗಿ ಗಾಳಿ ಸೋರುತ್ತಿದೆ, ಇಲ್ಲವೆ ಕೋರೇ ಒತ್ತಡ ತಿನ್ನುತ್ತಿದೆ. ಸೋಪಿನ ನೀರು ಹಾಕಿ ನೋಡಿ, ಗುಳ್ಳೆ ಹೇಳುತ್ತದೆ.

ಇನ್ನು ಪೋಲೊ ಜಿಟಿ ಟಿಎಸ್‌ಐ, ವರ್ಟಸ್, ಸ್ಲಾವಿಯಾ ಇಟ್ಟುಕೊಂಡವರು ಈ ಇಡೀ ಗಲಾಟೆಯಿಂದ ದೂರ ಇರಿ. ನಿಮ್ಮ ಇಂಟರ್‌ಕೂಲರ್ ಬಂಪರಿನಲ್ಲಿಲ್ಲ, ಎಂಜಿನ್ನಿನ ಹತ್ತಿರವೇ ಇದೆ, ನೀರಿನಿಂದ ತಣಿಯುತ್ತದೆ. ಗಾಳಿಯ ದಾರಿ ಚಿಕ್ಕದಾದ್ದರಿಂದ ಗಾಡಿ ಚುರುಕು. ನಿಮ್ಮ ಮುಂದೆ ಇರುವುದು ಆ ನೀರನ್ನು ತಣಿಸುವ ಬೇರೊಂದು ಸಣ್ಣ ರೇಡಿಯೇಟರು. ಅದರ ಫಿನ್ನು ಸ್ವಚ್ಛವಾಗಿರಲಿ, ನೀರಿನ ಪಂಪು ತಿರುಗುತ್ತಿರಲಿ, ಅಷ್ಟು ನೋಡಿಕೊಳ್ಳಿ. ನಿಮಗೆ ಯಾರಾದರೂ ಬೆಳ್ಳಿ ತಟ್ಟೆ ಮಾರಲು ಬಂದರೆ, ಇಷ್ಟು ವ್ಯವಸ್ಥೆಯನ್ನು ಕಿತ್ತೆಸೆದು ಪೈಪು ಎಳೆಯುವುದರಿಂದ ಏನು ಲಾಭ ಅಂತ ಅವನನ್ನೇ ಕೇಳಿ.

ಅಳೆಯಿರಿ ಅಂದಾಗ ಒಂದು ಎಚ್ಚರಿಕೆ. 2024ರ ಮೇ ಕೊನೆಯಲ್ಲಿ ನಾಗಪುರದ ಒಂದು ಸ್ವಯಂಚಾಲಿತ ಹವಾಮಾನ ಕೇಂದ್ರ 56 ಡಿಗ್ರಿ ತೋರಿಸಿ ದೇಶವೆಲ್ಲ ಬೆಚ್ಚಿಬಿದ್ದದ್ದು ನೆನಪಿದೆಯಲ್ಲ? ಸೆನ್ಸರ್ ಕೆಟ್ಟಿತ್ತು ಅಂತ ಆಮೇಲೆ ಹವಾಮಾನ ಇಲಾಖೆಯೇ ಹೇಳಿತು. ಗಾಡಿಯ ಗೇಜುಗಳೂ ಅಷ್ಟೇ. ಕೆಲವು ಗಾಡಿಗಳಲ್ಲಿ ಇಂಟೇಕ್ ಉಷ್ಣತೆಯ ಸೆನ್ಸರ್ ಏರ್ ಫಿಲ್ಟರಿನ ಹತ್ತಿರ ಇರುತ್ತದೆ. ಅದು ತೋರಿಸುವುದು ಟರ್ಬೊಗೆ ಮೊದಲಿನ ಗಾಳಿ. ಅದನ್ನು ನೋಡಿ "ನನ್ನ ಇಂಟರ್‌ಕೂಲರ್ ಭರ್ಜರಿ" ಅಂತ ಬೀಗಿದವರನ್ನು ಕಂಡಿದ್ದೇನೆ. ಇಂಟರ್‌ಕೂಲರ್ ದಾಟಿದ ಮೇಲೆ, ಥ್ರಾಟಲ್ ಹತ್ತಿರ ಇರುವ ಸೆನ್ಸರೇ ಬೇಕು. ಒಂದು ಅಗ್ಗದ ಒಬಿಡಿ ರೀಡರ್ ಸಾಕು. ಮಧ್ಯಾಹ್ನ ಮೂರು ಗಂಟೆಗೆ ಖಾಲಿ ರಸ್ತೆಯಲ್ಲಿ, ಕಾಯ್ದೆಯ ವೇಗದೊಳಗೆ, ಮೂರನೇ ಗೇರಿನಲ್ಲಿ ಒಮ್ಮೆ ಪೂರ್ತಿ ಒತ್ತಿ ನೋಡಿ. ಹೊರಗಿನ ಗಾಳಿಗಿಂತ 20-25 ಡಿಗ್ರಿಯೊಳಗೇ ಇದ್ದರೆ ನನ್ನ ಮಟ್ಟಿಗೆ ಕೇಸು ಖುಲಾಸೆ, ದುಡ್ಡು ಜೇಬಿನಲ್ಲೇ ಇರಲಿ. 35-40 ಮೀರಿದರೆ ಕೆಲಸ ಇದೆ. ಕೋರಿನ ಎರಡೂ ಬದಿಗೆ ಒತ್ತಡದ ಗೇಜು ಹಾಕಿಸಿ ನೋಡಿದಾಗ ವ್ಯತ್ಯಾಸ 0.1 ಬಾರಿನೊಳಗೆ ಇರಬೇಕು. ದಾಟಿದರೆ ಕೋರು ಚಿಕ್ಕದೋ ಕೆಟ್ಟದ್ದೋ ಇದೆ.

ನಾಗಪುರಕ್ಕೇ ಹೇಳಿ ಮಾಡಿಸಿದಂಥ ಉಪಾಯವೊಂದಿದೆ, ಅದನ್ನು ಯಾರೂ ಮಾತಾಡುವುದಿಲ್ಲ. ನೀರು ಚಿಮುಕಿಸುವುದು. ಸುಬಾರು ಎಸ್‌ಟಿಐ, ಮಿತ್ಸುಬಿಷಿ ಇವೊ ಕೆಲವು ಮಾದರಿಗಳಲ್ಲಿ ಕಂಪನಿಯಿಂದಲೇ ಇಂಟರ್‌ಕೂಲರಿಗೆ ನೀರಿನ ಸ್ಪ್ರೇ ಬರುತ್ತಿತ್ತು. ಕರಾವಳಿಯ ತೇವದಲ್ಲಿ ಅದರಿಂದ ಸಿಗುವ ಫಲ ಕಡಿಮೆ. ನಮ್ಮ ಮೇ ತಿಂಗಳ ಒಣ ಸೆಕೆಯಲ್ಲಿ, 44 ಡಿಗ್ರಿ ಇದ್ದಾಗ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ 23-24 ತೋರಿಸುತ್ತದೆ. ಅಂದರೆ ಒದ್ದೆಯಾದ ಕೋರಿಗೆ ಹೊರಗಾಳಿಗಿಂತ ಕೆಳಗೆ ಇಳಿಯುವ ಅವಕಾಶವಿದೆ. ಒಣ ಕೋರು ಎಷ್ಟು ದೊಡ್ಡದಾದರೂ ಆ ಭಾಗ್ಯ ಅದಕ್ಕಿಲ್ಲ. ಕೂಲರಿನ ಖಸ್ ಪಡದೆಯ ವಿದ್ಯೆಯೇ ಇದು. ಬೋರ್‌ವೆಲ್ ನೀರು ಮಾತ್ರ ಬೇಡ, ಫಿನ್ನಿನಲ್ಲಿ ಸುಣ್ಣ ಕಟ್ಟುತ್ತದೆ. ಮಳೆಗಾಲದಲ್ಲಿ ಇದರಿಂದ ಪ್ರಯೋಜನವೂ ಇಲ್ಲ, ಆಗ ಅಷ್ಟು ಅಗತ್ಯವೂ ಇಲ್ಲ.

ಆ ಹುಡುಗನ ಗಾಡಿ ಏನಾಯಿತು ಅಂತ ಕೇಳುತ್ತೀರಿ. ಮೂರಂಗುಲದ್ದು ಕಳಚಿತು, ಹಳೆ ಗಾಡಿಯೊಂದರಿಂದ ತೊಲೆ ಸಿಕ್ಕಿತು. ಮೂಲೆಯ ಹಳೆಯ ಇಂಟರ್‌ಕೂಲರನ್ನು ಮತ್ತೆ ಕೂರಿಸುವಾಗ ನೋಡಿದರೆ ಬಂಪರಿನಿಂದ ಅದಕ್ಕೆ ಗಾಳಿ ತರುವ ಪ್ಲಾಸ್ಟಿಕ್ ಕೊಳವೆಯೇ ಇರಲಿಲ್ಲ, ಯಾವುದೋ ಹಳೆಯ ಬಂಪರ್ ರಿಪೇರಿಯಲ್ಲಿ ಯಾರೋ ಎಸೆದಿದ್ದರು. ಅಂದರೆ "ಕಂಪನಿಯದು ಸಾಲದು" ಅನ್ನುವ ತೀರ್ಪು ಬಂದದ್ದೇ ಮೂಗು ಕಟ್ಟಿದ ಇಂಟರ್‌ಕೂಲರನ್ನು ನೋಡಿ! ಅಲ್ಯೂಮಿನಿಯಂ ತಗಡು ಬಗ್ಗಿಸಿ ಕೊಳವೆ ಮಾಡಿದೆವು, ಸಂದಿಗೆ ಫೋಮು ತುಂಬಿದೆವು, ಚಕ್ರದ ಒಳಗಿನ ಲೈನರಿನಲ್ಲಿ ಗಾಳಿ ಹೊರಹೋಗಲು ಜಾಲರಿ ಬಿಟ್ಟೆವು. ಫಿನ್ನುಗಳ ಸಂದಿನಿಂದ ಧೂಳಿನ ಜೊತೆ ಹತ್ತಿಯ ಅರಳೆ ಹೊರಬಂತು, ವಿದರ್ಭದ ಗಾಡಿ ನೋಡಿ. 43 ಡಿಗ್ರಿಯ ಮಧ್ಯಾಹ್ನ ಓಡಿಸಿದಾಗ ಹೊರಗಾಳಿಗಿಂತ 31 ಡಿಗ್ರಿ ಮೇಲೆ ನಿಂತಿತು. ಇನ್ನೂ ಸ್ವಲ್ಪ ಹೆಚ್ಚೇ. ಅದೇ ಮೂಲೆಯಲ್ಲಿ ಹಿಡಿಯುವ ತುಸು ದೊಡ್ಡ ಕೋರನ್ನು ಹುಡುಕುತ್ತಿದ್ದೇವೆ. ಇಲ್ಲಿಯವರೆಗೆ ಮೂರು ಕಡೆ ಒತ್ತಡ ಎಷ್ಟು ಕಳೆಯುತ್ತದೆ ಎಂದು ಕೇಳಿದೆವು. ಇಬ್ಬರು "ಅದೆಲ್ಲ ನೋಡಬೇಡಿ ಸರ್, 300 ಎಚ್‌ಪಿ ತಡೆಯುತ್ತೆ" ಅಂದರು. ಮೂರನೆಯವನು ನಾಳೆ ಹೇಳುತ್ತೇನೆ ಅಂದಿದ್ದಾನೆ.